ಬಟ್ಟುಗಳು ತಣಿಯುವ ಹೊತ್ತು

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಒಂದು ಮಾತು ಕೊಟ್ಟಿದ್ದ. ನಾನು ಎಲ್ಲೇ ಮಲಗಿರಲಿ, ತಾನು ಎಲ್ಲೇ ಇರಲಿ, ನನಗೆ ಕೆಲಸವಿರುವ ದಿನ ತಾನೇ ಎಬ್ಬಿಸುತ್ತೇನೆ ಎಂದು. ಅಲಾರಾಂ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರೂ ಏಳದ ಜೀವ ನನ್ನದು. "ಪಕ್ಕದ ಗೋಡೆ ಬಿದ್ರೂ ಇವಳು ಮಗ್ಗುಲು ಬದಲಾಯಿಸ್ತಾಳೆ, ಅಷ್ಟೆ" ಎನ್ನುತ್ತಿದ್ದರು ಅತ್ತೆ.

ಹನ್ನೊಂದು ವರ್ಷ ಅವನು ಮಾತು ತಪ್ಪಲಿಲ್ಲ. ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತುವ ಕೆಲಸ. ಆದರೂ ಬೆಳಿಗ್ಗೆ ಆರಕ್ಕೆ ಫೋನು. ಮೊದಲ ಸಲಕ್ಕೆ ನಾನು ಎತ್ತುತ್ತಿರಲಿಲ್ಲ. ಎರಡನೇ ಸಲ ಹೂಂ ಅಂದು ಮತ್ತೆ ಮಲಗುತ್ತಿದ್ದೆ. ಮೂರನೇ ಸಲ ಬೈಯುತ್ತಿದ್ದೆ. "ಬೈದ್ಲು, ಎದ್ಲು" ಎಂದು ಅವನು ಫೋನಿಡುತ್ತಿದ್ದ.

ಹೋದ ವರ್ಷ ಒಂದು ಬೆಳಿಗ್ಗೆ ಮಾತ್ರ ಫೋನು ಬರಲಿಲ್ಲ. ಎಂಟೂವರೆಗೆ ಎದ್ದೆ. ಮಗಳ ಶಾಲೆಯ ಬಸ್ಸು ಹೋಗಿಬಿಟ್ಟಿತ್ತು. ಅವನನ್ನು ಮನಸಾರೆ ಬೈಯುತ್ತ ಅವಳ ಜಡೆ ಹೆಣೆಯುತ್ತಿದ್ದಾಗ ಅವನು ಉಳಿದಿದ್ದ ಹೋಟೆಲಿನವರು ಫೋನು ಮಾಡಿದರು. ಬೆಳಿಗ್ಗೆ ಎಬ್ಬಿಸಿ ಅಂತ ಹೇಳಿದ್ದನಂತೆ, ಎಷ್ಟು ಸಲ ಕರೆ ಮಾಡಿದರೂ ಎತ್ತಲಿಲ್ಲವಂತೆ, ಬಾಗಿಲು ತೆಗೆಸಿ ನೋಡಿದರೆ ನಿದ್ದೆಯಲ್ಲೇ ಹೋಗಿದ್ದನಂತೆ. ಯಾವ ಕೋಣೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಅವನ ಕೆಲಸವನ್ನೇ ಕಂಪನಿಯವರು ನನಗೆ ಕೊಟ್ಟರು. ಮದುವೆಗೆ ಮೊದಲು ನಾನೂ ಅದೇ ತರಬೇತಿ ಮುಗಿಸಿದ್ದವಳು. ಆಸ್ಪತ್ರೆ, ಔಷಧದ ಕಾರ್ಖಾನೆಗಳ ಸೂಕ್ಷ್ಮ ತಕ್ಕಡಿಗಳು ಸರಿಯಾಗಿ ತೂಗುತ್ತಿವೆಯೇ ಎಂದು ನೋಡುವ ಕೆಲಸ ಅದು. ಮರದ ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳಿರುತ್ತವೆ. ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಜಿಡ್ಡಿಗೂ ತೂಕವಿದೆ. ಬಿಸಿಲಲ್ಲಿ ಬಂದ ಬಟ್ಟುಗಳನ್ನು ಹಾಗೇ ತಕ್ಕಡಿಗೆ ಇಡುವ ಹಾಗೂ ಇಲ್ಲ. ಒಂದೇ ಹದದ ತಂಪಿನಲ್ಲಿ ಅವು ಮೂರೂವರೆ ಗಂಟೆ ಸುಮ್ಮನೆ ಕೂರಬೇಕು. ತಣಿಯೋದು ಅನ್ನುತ್ತೇವೆ ನಾವು. ಅದಕ್ಕೇ ಕಂಪನಿ ನಗರದ ನಟ್ಟನಡುವೆ ಇಂಥ ದೊಡ್ಡ ಹೋಟೆಲು ಹಿಡಿಯುತ್ತದೆ; ಅಲ್ಲಿನ ಕೋಣೆಗಳ ತಂಪು ಒಂದು ಗೆರೆಯಷ್ಟೂ ಅಲ್ಲಾಡುವುದಿಲ್ಲ. "ರೂಮು ಬಟ್ಟುಗಳಿಗೆ, ನಾನು ಅವಕ್ಕೆ ಕಾವಲು" ಎನ್ನುತ್ತಿದ್ದ ಅವನು.

ಆರು ತಿಂಗಳು ನೋಡುತ್ತೇವೆ, ಆಮೇಲೆ ಕಾಯಂ ಎಂದಿದ್ದರು. ಆರನೇ ತಿಂಗಳು ನಡೆಯುತ್ತಿತ್ತು. ಅಷ್ಟರಲ್ಲಿ ಎರಡು ಕಡೆ ತಡವಾಗಿ ಹೋಗಿದ್ದೆ, ಎರಡೂ ಸಲ ನಿದ್ದೆಯಿಂದ. "ಮೂರನೇ ಸಲ ಆದ್ರೆ ನನ್ ಕೈಲಿ ಏನೂ ಇಲ್ಲಮ್ಮ" ಎಂದಿದ್ದರು ಮ್ಯಾನೇಜರು, ನನ್ನ ಮುಖ ನೋಡದೆ.

ಹಾಗಾಗಿ, ಈ ಸಲ ಉಳಿಯಬೇಕಾದದ್ದು ಅವನು ಹೋದ ಅದೇ ಹೋಟೆಲು ಅಂತ ಗೊತ್ತಾದಾಗಲೂ ನಾನು ಬೇಡ ಅನ್ನಲಿಲ್ಲ.

ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದು ಇಳಿದಾಗ ಒಂಬತ್ತೂವರೆ. ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯಲ್ಲಿರಬೇಕು. ಅವರ ಔಷಧ ತೂಗುವ ತಕ್ಕಡಿ ನಿಲ್ಲಿಸುವುದು ಒಂದೇ ಗಂಟೆ, ತಪ್ಪಿದರೆ ಇನ್ನೊಂದು ತಿಂಗಳು.

ಕೌಂಟರಿನ ಹುಡುಗಿ ನನ್ನ ಫೋನ್ ನಂಬರು ಒತ್ತಿ ನಕ್ಕಳು. "ನಮ್ಮ ಹಳೇ ಗೆಸ್ಟು ನೀವು. ಸರ್ ಬರ್ತಿದಾರಾ?"

ಆ ನಂಬರು ಅವನದು. ಗಿರಾಕಿಗಳಿಗೆಲ್ಲ ಅದೇ ಗೊತ್ತಿದ್ದರಿಂದ ಕಂಪನಿಯವರು ನನಗೆ ಕೊಟ್ಟಿದ್ದರು. ಹುಡುಗಿ ಹೊಸಬಳಿರಬೇಕು; ಅವನು ಹೋದದ್ದನ್ನು ಆ ಕಂಪ್ಯೂಟರಿಗೂ ಯಾರೂ ಹೇಳಿರಲಿಲ್ಲ.

"ಇಲ್ಲ, ನಾನೊಬ್ಬಳೇ."

"ಸರ್ ಯಾವಾಗಲೂ ತಗೊಳ್ಳೋ ರೂಮೇ ಇದೆ, ಹದಿನಾಲ್ಕನೇ ಮಹಡಿ. ಬೇರೇದು ಬೇಕಂದ್ರೆ ಮೂರು ಗಂಟೆ ಆಗುತ್ತೆ."

ಬಟ್ಟುಗಳು ಆಗಲೇ ಕೂರಬೇಕಿತ್ತು. ಕೈ ಚಾಚಿದೆ. ಅವಳು ಬಾಗಿಲು ತೆಗೆಯುವ ಎರಡು ಕಾರ್ಡು ಕೊಟ್ಟಳು. "ಒಂದು ಸಾಕು" ಅಂದೆ. "ಇರಲಿ ಮೇಡಂ, ಸರ್ ಬಂದ್ರೆ" ಎಂದಳು. ಮತ್ತೆ, "ಎಬ್ಬಿಸೋಕೆ ಫೋನ್ ಮಾಡಿಸ್ಲಾ?"

"ಬೇಡ." ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಆ ಫೋನು ಎತ್ತದೆ ಮಲಗಿದ್ದವನ ಕೋಣೆಗೆ ಹೋಗುತ್ತಿದ್ದೆ ನಾನು.

ಇಂಥ ಹೋಟೆಲುಗಳಲ್ಲಿ ಭಯ ಆಗಬೇಕಾದದ್ದು ರಾತ್ರಿ ಅಲ್ಲ, ಬೆಳಿಗ್ಗೆ ಹತ್ತು ಗಂಟೆಗೆ. ಟೈ ಕಟ್ಟಿಕೊಂಡವರೆಲ್ಲ ಮೀಟಿಂಗಿಗೆ ಹೋಗಿರುತ್ತಾರೆ. ಉದ್ದದ ಓಣಿ, ಹೆಜ್ಜೆ ನುಂಗುವ ಕಾರ್ಪೆಟ್ಟು, ಸಾಲಾಗಿ ಮುಚ್ಚಿದ ಬಾಗಿಲು. ಎಲ್ಲೋ ಒಂದು ಕಡೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ, ಇಸ್ತ್ರಿ ಮಾಡಿದವರು ಮಾತ್ರ ಇಲ್ಲ.

ಬಾಗಿಲು ತೆರೆದೆ. ದಿಂಬು ಒಂದೇ, ತೆಳುವಾದದ್ದು. ಕುರ್ಚಿ ಕನ್ನಡಿಗೆ ಬೆನ್ನು ಮಾಡಿತ್ತು. ಕಪ್ಪಿನ ಜಾಗದಲ್ಲಿ ಗಾಜಿನ ಲೋಟ. ಪರದೆ ಪೂರ್ತಿ ಎಳೆದಿರಲಿಲ್ಲ, ಒಂದು ಗೇಣು ಸಂದು ಬಿಟ್ಟಿದ್ದರು. ನನ್ನ ಗಂಡ ಹೀಗೇ. ಕತ್ತಲು ಪೂರ್ತಿ ಆದರೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದ. ಮನೆಯಲ್ಲಿ ಆ ಒಂದು ಗೇಣಿಗಾಗಿ ನಮಗೆ ಹನ್ನೊಂದು ವರ್ಷ ಜಗಳ. ಹಳೇ ಗೆಸ್ಟುಗಳ ಇಷ್ಟಾನಿಷ್ಟ ಬರೆದಿಟ್ಟುಕೊಳ್ಳುತ್ತಾರೆ ಇವರು, ಅಷ್ಟೇ, ಅಂದುಕೊಂಡೆ. ಆದರೂ ಹಾಸಿಗೆಯ ಎಡಗಡೆ ಕೂರಲಿಲ್ಲ. ಅದು ಅವನ ಮಗ್ಗುಲು.

ಒಂದು ಕಾರ್ಡನ್ನು ಬಾಗಿಲ ಬಳಿಯ ಗೂಡಿಗೆ ಸಿಕ್ಕಿಸಿದಾಗ ಎ.ಸಿ. ಉಸಿರಾಡಿತು. ಇನ್ನೊಂದನ್ನು ಕೈಚೀಲಕ್ಕೆ ಹಾಕಿಕೊಂಡೆ. ಪೆಟ್ಟಿಗೆ ಮೇಜಿನ ಮೇಲಿಟ್ಟು ಮುಚ್ಚಳ ತೆರೆದು, ಪಕ್ಕಕ್ಕೆ ಉಷ್ಣಮಾಪಕ ಇಟ್ಟೆ. ಒಂಬತ್ತು ಐವತ್ತು ಎಂದು ಬರೆದುಕೊಂಡೆ.

ಮಗಳಿಗೆ ಫೋನು ಮಾಡಿದೆ. ಅವಳಿಗೆ ಮನೆಯಲ್ಲಿ ಮೆಣಸು ಎಂದೇ ಹೆಸರು. ರಜೆಯಾದ್ದರಿಂದ ನಾದಿನಿಯ ಮನೆಯಲ್ಲಿದ್ದಳು.

"ಮಲಗ್ಬೇಡಮ್ಮ. ನಡೀತಾ ಇರು."

"ನಾಲ್ಕು ಗಂಟೆ ಏನಂತ ನಡೀಲೇ? ಕಣ್ಣು ತಾನಾಗೇ ಮುಚ್ಕೊಳ್ತಿದೆ."

"ಹಾಗಾದ್ರೆ ಹತ್ತು ಅಲಾರಾಂ ಇಡು. ನಾನೂ ಫೋನ್ ಮಾಡ್ತೀನಿ ಒಂದೂವರೆಗೆ. ಬೈಬೇಡ ಆಮೇಲೆ."

ಹತ್ತು ಅಲಾರಾಂ ಇಟ್ಟೆ, ಒಂದೂಕಾಲಿನಿಂದ ಒಂದೂವರೆವರೆಗೆ. ಬಸ್ಸಿನಲ್ಲಿ ಬಂದ ಫೋನಿನಲ್ಲಿ ಚಾರ್ಜು ಮುಗಿಯುತ್ತ ಬಂದಿತ್ತು, ಹಾಸಿಗೆ ಪಕ್ಕ ಚುಚ್ಚಿದೆ. ಪರದೆಯನ್ನು ತುದಿಯಿಂದ ತುದಿಗೆ ಎಳೆದು, ಅಂಚು ಅಂಚಿಗೆ ಸೇರಿಸಿದೆ. ಆ ಜಗಳವನ್ನು ಗೆದ್ದ ಹಾಗೇನೂ ಅನ್ನಿಸಲಿಲ್ಲ. ಮಲಗುವ ಮುಂಚೆ ತಲೆಯ ಹತ್ತಿರದ ದೊಡ್ಡ ಗುಂಡಿ ಒತ್ತಿದೆ. ಮನೆಯಲ್ಲಿ ಮಲಗುವಾಗ ಕಂಡ ಸ್ವಿಚ್ಚೆಲ್ಲ ಆರಿಸುವ ಕೈ ಇದು. ದೀಪಗಳೆಲ್ಲ ಒಟ್ಟಿಗೆ ಆರಿದವು, ಎ.ಸಿ. ನಡೆಯುತ್ತಲೇ ಇತ್ತು. ಫೋನು ಚುಚ್ಚಿದ್ದ ಪ್ಲಗ್ಗೂ ಆ ಗುಂಡಿಗೇ ಸೇರಿದ್ದು ಎಂದು ಗೊತ್ತಾದದ್ದು ಆಮೇಲೆ.

ಬಾಗಿಲು ಬಡಿಯುತ್ತಿತ್ತು. ಕೇಳಿಸಿತು, ಏಳಲಿಲ್ಲ. ಮತ್ತೆ ಬಡಿಯಿತು. ಹೂಂ ಅಂದೆ. ಮೂರನೇ ಸಲ ಬಡಿದಾಗ, "ಏನ್ರೀ ನಿಮ್ಮ ಗೋಳು, ಸತ್ತವಳನ್ನ ಎಬ್ಬಿಸೋ ಹಾಗೆ" ಎಂದು ಕಿರುಚಿದೆ. ಕಿರುಚಿದ್ದೇ ಎಚ್ಚರವಾಯಿತು. ಫೋನು ಮುಟ್ಟಿದರೆ ಸತ್ತಿತ್ತು. ಕೈಗಡಿಯಾರದಲ್ಲಿ ಒಂದು ಮೂವತ್ತೆರಡು.

ಗಡಿಯಾರ ನೋಡಲು ನಾನು ದೀಪ ಹಾಕಲಿಲ್ಲ. ಬೆಳಕಿತ್ತು. ಪರದೆಯ ನಡುವೆ ಒಂದು ಗೇಣು ಸಂದು; ಅಲ್ಲಿಂದ ಬಿಸಿಲಿನ ಪಟ್ಟಿ ನೆಟ್ಟಗೆ ಬಂದು ನನ್ನ ಮುಖದ ಮೇಲೆ ಬಿದ್ದಿತ್ತು.

ಬಾಗಿಲು ತೆರೆದೆ. ಕೋಣೆ ಗುಡಿಸುವ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ಹೆಗಲ ಮೇಲೆ ಟವೆಲು ಹೊತ್ತು ನಗುತ್ತ ನಿಂತಿದ್ದಳು.

"ಬೈದ್ರಲ್ಲ, ಈಗ ಎದ್ರಿ ಬಿಡಿ. ನಿಮ್ಮ ಯಜಮಾನ್ರು ಸರಿಯಾಗೇ ಹೇಳಿದ್ರು."

"ಯಾರು?"

"ನಿಮ್ಮ ಯಜಮಾನ್ರಮ್ಮ. ಈಗ ಫೋನ್ ಮಾಡಿದ್ರಲ್ಲ ನಮ್ಮ ಕೋಣೆಗೆ. 'ನನ್ ಕೈಲಿ ಆಗ್ತಿಲ್ಲ, ಸ್ವಲ್ಪ ಬಾಗಿಲು ತಟ್ಟಿ. ಮೂರನೇ ಸಲಕ್ಕೆ ಬೈತಾಳೆ, ಬೇಜಾರ್ ಮಾಡ್ಕೋಬೇಡಿ' ಅಂದ್ರು. ಒಳ್ಳೇ ಮನುಷ್ಯ. ನಮಗೆ ಯಾರು ಬೇಜಾರ್ ಮಾಡ್ಕೋಬೇಡಿ ಅಂತಾರೆ?"

"ಎಲ್ಲಿಂದ ಮಾಡಿದ್ರು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಈ ರೂಮಿಂದಾನೇ. ನಂಬರು ಬರುತ್ತಲ್ಲ ಅಲ್ಲಿ." ಆಮೇಲೆ ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. ಮುಚ್ಚಿದ ಬಚ್ಚಲಿನ ಬಾಗಿಲು ಕಂಡು ದನಿ ತಗ್ಗಿಸಿದಳು. "ಸ್ನಾನಕ್ಕೆ ಹೋದ್ರಾ? ಟವೆಲ್ ಕೊಡ್ಲಾ ಇನ್ನೊಂದು?"

ಬಚ್ಚಲಿನ ಬಾಗಿಲನ್ನು ನಾನು ತೆರೆದೇ ಇಟ್ಟಿದ್ದೆ. ಅಷ್ಟು ನೆನಪಿತ್ತು.

ಹಾಸಿಗೆಯ ಎಡಗಡೆ ನೋಡಬಾರದೆಂದರೂ ನೋಡಿದೆ. ಒಬ್ಬರು ಕೂತು ಎದ್ದಷ್ಟು ಕುಸಿದಿತ್ತು. ಮೇಜಿನ ಮೇಲೆ ಬಟ್ಟುಗಳು ಸಾಲಾಗಿ ಕೂತಿದ್ದವು, ಉಷ್ಣಮಾಪಕದ ಗೆರೆ ಅಲ್ಲಾಡಿರಲಿಲ್ಲ.

"ಕೊಡಿ" ಎಂದೆ.

ಅವಳು ಕೊಟ್ಟ ಟವೆಲನ್ನು ಬಚ್ಚಲಿನ ಬಾಗಿಲ ಹಿಡಿಗೆ ನೇತುಹಾಕಿದೆ. ಬಾಗಿಲು ತೆರೆಯಲಿಲ್ಲ, ತಟ್ಟಲಿಲ್ಲ. ಒಳಗೆ ನೀರಿನ ಸದ್ದಿರಲಿಲ್ಲ. ಕೈಗವಸು ಹಾಕಿಕೊಂಡು ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ. ಕೊಂಡಿ ಎರಡನ್ನೂ ಹಾಕಿದೆ. ತಲೆಯ ಹತ್ತಿರದ ದೊಡ್ಡ ಗುಂಡಿ ಮತ್ತೆ ಒತ್ತಿ ದೀಪ ಹಾಕಿ, ಗೂಡಿನಲ್ಲಿದ್ದ ಕಾರ್ಡನ್ನು ಹಾಗೇ ಬಿಟ್ಟೆ. ಅದನ್ನು ತೆಗೆದರೆ ಒಳಗೆ ಕತ್ತಲಾಗುತ್ತದೆ.

ಲಿಫ್ಟಿನವರೆಗೆ ಹಿಂತಿರುಗಿ ನೋಡಲಿಲ್ಲ. ಹಿಂದೆ ಆ ಹೆಂಗಸು ತನ್ನ ಗಾಡಿ ತಳ್ಳುತ್ತ ಯಾರಿಗೋ "ಆಯ್ತು ಸರ್, ಎದ್ರು" ಎಂದದ್ದು ಕೇಳಿಸಿತು.

ಆಸ್ಪತ್ರೆಯ ತಕ್ಕಡಿಯ ಮುಂದೆ ನಾನು ನಿಂತಾಗ ಒಂದು ಐವತ್ತಾರು. ಸಹಿ ಹಾಕಿಸಿಕೊಂಡರು.

ಒಂದೂವರೆಗೆ ಎಬ್ಬಿಸಬೇಕಿತ್ತು, ಎಬ್ಬಿಸಿದ. ಕೊಟ್ಟ ಮಾತು ಉಳಿಸಿಕೊಂಡ.