ಕಹಿ ಎಂದು ಹೇಳದ ಮಧ್ಯಾಹ್ನ

ಗೋಡೆಯ ಬಿಳಿ ಇವತ್ತೂ ಸುಮ್ಮನೆ ನಿಂತಿಲ್ಲ, ಬಾಣಲೆಯಲ್ಲಿ ರವೆ ಹುರಿದ ಹಾಗೆ ಸಣ್ಣಗೆ ಕದಲುತ್ತಿದೆ, ಆದರೂ ಅದರ ಮೇಲಿನ ಅಕ್ಷರಗಳನ್ನು ಶ್ರೀರಕ್ಷಾ ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಓದಿದಳು, ಕಣ್ಣಿನ ಡಾಕ್ಟರು ದೀಪ ಆರಿಸಿ, ಡೋಳೆ ಏಕ್‌ದಮ್ ಠೀಕ್ ಆಹೇತ್, ಕಣ್ಣಿಗೆ ಏನೂ ಆಗಿಲ್ಲ, ಎಂದರು, ಪಕ್ಕದ ಕುರ್ಚಿಯಲ್ಲಿ ಅವ್ವ ಉಸಿರುಬಿಟ್ಟಳು, ನಾ ಅಂದಿದ್ನಲ್ಲ, ಬ್ಯಾಂಕಿನ ಕಂಪ್ಯೂಟರ್ ನೋಡಿ ನೋಡಿ ಹಿಂಗ ಆಗೇತಿ — ಕಂಪ್ಯೂಟರ್ ಅಲ್ಲವ್ವ, ಎಂದು ಅವಳು ಮೂರು ವರ್ಷದಿಂದ ಮನಸ್ಸಿನಲ್ಲೇ ಹೇಳುತ್ತ ಬಂದಿದ್ದಾಳೆ, ಇದೇ ಊರಿನ ಧರಂಪೇಠ ಬಡಾವಣೆಯ ಆ ಬಾಡಿಗೆ ಕೋಣೆ, ಭಾನುವಾರದ ಬಿಸಿಲು, ಸಂಶೋಧನೆಗೆಂದು ಬೆಂಗಳೂರಿನಿಂದ ಬಂದಿದ್ದ ಅಶ್ವಿನ್, ಅವಳು ಐತಿ ಅಂದಾಗೆಲ್ಲ ಇನ್ನೊಂದ್ಸಲ ಹೇಳು ಅನ್ನುತ್ತಿದ್ದವನು, ನಶೆಯ ಮದ್ದು ಹೀರಿಸಿದ, ಕಿರುಬೆರಳಿನ ಉಗುರಿನಷ್ಟು ಕಾಗದದ ಚೂರು ಮುಂದಿಟ್ಟುಕೊಂಡು ಅಜ್ಜಿ ಕಥೆಯ ಹಾಗೆ ಎಲ್ಲ ಹೇಳಿದ್ದ, ಧಾನ್ಯಕ್ಕೆ ಹಿಡಿಯೋ ಬೂಷ್ಟಿಂದ ಶುರುವಾಯ್ತು ಕಣೆ, ಸ್ವಿಟ್ಜರ್ಲೆಂಡಲ್ಲೊಬ್ಬ ಕೆಮಿಸ್ಟು ರಕ್ತ ಓಡಾಡೋಕೆ ಮದ್ದು ಹುಡುಕ್ತಿದ್ದ, ಸಿಕ್ಕಿದ್ದು ಇದು, ತಾನೇ ನುಂಗಿ ಸೈಕಲ್ ಮೇಲೆ ಮನೆಗೆ ಹೋಗೋವಾಗ ರಸ್ತೆಯೇ ಬಾಗಿತಂತೆ, ಆಮೇಲೆ ಮನಸ್ಸಿನ ಡಾಕ್ಟರುಗಳು ರೋಗಿಗಳಿಗೆ ಕೊಟ್ರು, ಬೇಹುಗಾರರು ಬಾಯಿ ಬಿಡಿಸೋಕೆ ಕೊಟ್ರು, ಕೊನೆಗೆ ಸರ್ಕಾರಗಳು ನಿಷೇಧ ಹಾಕಿದ್ವು, ಈಗ ಅದೇ ಹೆಸರಲ್ಲಿ ಬೇರೇನೋ ವಿಷ ಮಾರ್ತಾರೆ, ನಾಲಿಗೆಗೆ ಕಹಿ ಅನ್ನಿಸಿದ್ರೆ ಉಗುಳಿಬಿಡು, ನಾನು ತಗೊಳಲ್ಲ, ಒಬ್ಬರಾದ್ರೂ ಎಚ್ಚರವಾಗಿರಬೇಕು —

ಕಹಿಯಾಗಿತ್ತು, ಬೇವಿನ ಕಡ್ಡಿ ಜಗಿದ ಹಾಗೆ, ಆದರೆ ಅವನ ಮೊಣಕಾಲು ಅವಳ ಮೊಣಕಾಲಿಗೆ ತಾಗಿತ್ತು, ಕಹಿ ಅಂದರೆ ಅವನು ಎದ್ದುಬಿಡುತ್ತಾನೆ, ಬಾಯಿ ತೊಳೆಸುತ್ತಾನೆ, ಆಟೋ ಕರೆಯುತ್ತಾನೆ, ಮಧ್ಯಾಹ್ನ ಅಲ್ಲಿಗೆ ಮುಗಿಯುತ್ತದೆ, ಅವಳು ಹೇಳಲಿಲ್ಲ, ಒಂದು ಗಂಟೆ ಕಿಟಕಿ ಪರದೆಯ ಕೆಂಪಿಗೆ ತಂಬೂರಿಯ ದನಿ ಇತ್ತು, ಅಷ್ಟು ಸುಖವನ್ನು ಅವಳು ಮತ್ತೆಲ್ಲೂ ಕಂಡಿಲ್ಲ, ಆಮೇಲೆ ದವಡೆ ಬಿಗಿದು, ಕೈಕಾಲು ತಣ್ಣಗಾಗಿ, ಎದೆ ಹೊಡೆದುಕೊಂಡು, ಎರಡು ದಿನ ಆಸ್ಪತ್ರೆಯ ಡ್ರಿಪ್, ಅವ್ವನಿಗೆ ಹೇಳಿದ್ದು ಊಟ ಏರುಪೇರಾಗಿತ್ತು ಎಂಬ ಸುಳ್ಳು, ಮನೆಗೆ ಬಂದ ಮೇಲೂ ಗೋಡೆ ನಿಲ್ಲಲೇ ಇಲ್ಲ, ಅಶ್ವಿನ್ ಅವಳ ಕಣ್ಣು ನೋಡಿದಾಗೆಲ್ಲ, ನಾನೇ ಕೊಟ್ಟೆ, ನಾನೇ ಕೊಟ್ಟೆ, ಅನ್ನುವನು, ಗೊತ್ತಿದ್ದೂ ನುಂಗಿದೆ ಎಂಬ ಒಂದು ಮಾತು ಅವನ ಅರ್ಧ ಭಾರ ಇಳಿಸುತ್ತಿತ್ತು, ಅವಳು ಆಡಲಿಲ್ಲ, ಅವನು ಪುಣೆಯಲ್ಲಿ ಕೆಲಸ ಹಿಡಿದು ಹೋದ, ಫೋನೂ ನಿಂತಿತು.

ಯಾವತ್ತಾದರೂ ನಶೆ ಮಾಡಿದ್ದೀಯಾ, ಎಂದು ಡಾಕ್ಟರು ಮರಾಠಿಯಲ್ಲೇ ಮೆತ್ತಗೆ ಕೇಳಿದರು, ಇಂಥಾದ್ದೇನ್ರೀ ಕೇಳೂದು, ಎಂದು ಅವ್ವ ಕನ್ನಡದಲ್ಲಿ ಗೊಣಗಿದಳು, ಹೂಂ ಅವ್ವ, ಒಂದ್ ಸಲ, ಕಹಿ ಇತ್ತು, ಗೊತ್ತಿದ್ದೂ ಉಗುಳಲಿಲ್ಲ, ಮಾತು ಹೊರಗೆ ಬಂದೇಬಿಟ್ಟಿತು, ಡಾಕ್ಟರಿಗೂ ಅದನ್ನೇ ಮರಾಠಿಯಲ್ಲಿ ಹೇಳಿದಳು, ಕೇಳಬೇಕಾದವನನ್ನು ಬಿಟ್ಟು ಉಳಿದವರೆಲ್ಲ ಕೇಳಿದರು, ಅವ್ವ ಬೈಯಲಿಲ್ಲ, ಚೀಲದ ಹಿಡಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು, ಡಾಕ್ಟರು ಬರೆಯುತ್ತಿದ್ದಾರೆ, ಇದು ಕಣ್ಣಿಂದಲ್ಲ, ಮಿದುಳಿಂದ, ಕೆಲವರಿಗೆ ನಿಧಾನಕ್ಕೆ ಹೋಗುತ್ತದೆ, ಕೆಲವರಿಗೆ ಇಲ್ಲ, ಮತ್ತೆ ಮುಟ್ಟಬೇಡ, ಎನ್ನುತ್ತಿದ್ದಾರೆ, ಹೋಗಲಿ, ಗೋಡೆ ಗೋಡೆಯಾಗಲಿ, ಅದನ್ನೇ ಅಲ್ಲವೇ ಅವಳು ಬೇಡಿಕೊಂಡದ್ದು — ಆದರೆ ಎಲ್ಲ ಹೋದರೆ ಅದೂ ಹೋಗುತ್ತದೆ, ಚಲಿಸುವ ಯಾವುದೂ ಅವಳ ಕಣ್ಣಲ್ಲಿ ಒಂದೇ ಸಲಕ್ಕೆ ಮುಗಿಯುವುದಿಲ್ಲ, ನೆರಳು ನೆರಳಾಗಿ ಹಿಂದೆ ಉಳಿಯುತ್ತದೆ, ಸ್ಟೇಷನ್ನಿನಲ್ಲಿ ಪುಣೆಯ ರೈಲು ಅಲುಗಿದಾಗ ಬಾಗಿಲಲ್ಲಿ ನಿಂತವನು ಕೈ ಬೀಸಿದ, ಬೇರೆಯವರಿಗೆ ಕಂಡದ್ದು ಒಂದೇ ಕೈ, ದಿನವೂ ಕಣ್ಣು ಮುಚ್ಚಿದೊಡನೆ ಬರುತ್ತದೆ, ಬಿಸಿಲಲ್ಲಿ ಎತ್ತಿದ ಕೈ, ಅದರ ಪಕ್ಕ ಇನ್ನೊಂದು ಕೈ, ಅದರ ಪಕ್ಕ ಇನ್ನೊಂದು