ದೊಡ್ಡ ವೃತ್ತದ ಔಷಧ

ಲ್ಯಾಬಿನ ಕೌಂಟರಿನಲ್ಲಿ ಕೂರುವ ಆಕೆಯ ಬಾಯಿಗೆ ತಂದೆತಾಯಂದಿರು ಹೆದರುತ್ತಿದ್ದರು. ಮಗುವಿನ ಮೂತ್ರದ ಡಬ್ಬಿ ತಂದವರಿಗೆಲ್ಲ ಒಂದೇ ಪ್ರಶ್ನೆ: “ಮನೇಲೇ ಏನಾದ್ರೂ ಆಂಟಿಬಯಾಟಿಕ್ ಕೊಟ್ಟಿದ್ದೀರಾ?” ಹೌದೆಂದವರ ಮುಖದ ನೀರಿಳಿಸುವಳು. ಇಲ್ಲವೆಂದವರನ್ನು ನಂಬುತ್ತಿರಲಿಲ್ಲ.

ಒಳಗಿನ ಕೆಲಸವೂ ಅವಳದೇ. ಮೂತ್ರದಲ್ಲಿ ಬೆಳೆದ ಸೂಕ್ಷ್ಮಾಣುಗಳನ್ನು ತಟ್ಟೆಯ ಮೇಲೆ ಸವರಿ, ಒಂದೊಂದು ಔಷಧ ಅದ್ದಿದ ಎಂಟು ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಮುಚ್ಚುವಳು. ಮರುದಿನ ಬಿಲ್ಲೆಯ ಸುತ್ತ ಖಾಲಿ ವೃತ್ತ ಮೂಡಿದ್ದರೆ ಆ ಔಷಧ ನಾಟುತ್ತದೆ. ಸೂಕ್ಷ್ಮಾಣು ಬಿಲ್ಲೆಗೆ ಅಂಟಿಕೊಂಡೇ ಬೆಳೆದಿದ್ದರೆ ಆ ಔಷಧ ಕುಡಿಸಿದರೂ ಒಂದೇ, ಬಿಟ್ಟರೂ ಒಂದೇ. ಹನ್ನೊಂದು ವರ್ಷ ವೃತ್ತ ಅಳೆದವಳಿಗೆ, ಡಾಕ್ಟರುಗಳೆಂದರೆ ತನ್ನ ವರದಿ ನೋಡಿ ಚೀಟಿ ಗೀಚುವವರು ಎಂಬ ಅಸಡ್ಡೆ ಬಂದುಬಿಟ್ಟಿತ್ತು.

ಆದ್ದರಿಂದ, ಸಣಕಲಿಯೆಂದು ಮನೆಯಲ್ಲಿ ಕಡ್ಡಿ ಎಂದೇ ಕರೆಯುತ್ತಿದ್ದ ಐದು ವರ್ಷದ ಮಗಳಿಗೆ ಜ್ವರ ಬಂದು, ಉಚ್ಚೆ ಉರಿಯುತ್ತದೆಂದು ಅತ್ತಾಗ ಆಕೆ ಯಾರನ್ನೂ ಕೇಳಲಿಲ್ಲ. ಆ ತಿಂಗಳು ಬೇರೆ ಮಕ್ಕಳ ತಟ್ಟೆಗಳಲ್ಲಿ ಅತಿ ದೊಡ್ಡ ವೃತ್ತ ಬಿಡಿಸಿದ ಔಷಧ ಯಾವುದೆಂದು ನೋಡಿ, ಅದನ್ನೇ ತಂದು ಕುಡಿಸಿದಳು. ಮೂರನೇ ದಿನ ಜ್ವರ ಬಿಟ್ಟಿತು, ಔಷಧವನ್ನೂ ಬಿಟ್ಟಳು. ಎರಡು ತಿಂಗಳಿಗೆ ಮತ್ತೆ ಜ್ವರ, ಮತ್ತೆ ಆ ತಿಂಗಳ ದೊಡ್ಡ ವೃತ್ತ.

“ಒಂದ್ಸಲ ಡಾಕ್ಟರಿಗೆ ತೋರಿಸೋಣ ಕಣೇ,” ಎಂದ ಗಂಡ.

“ಡಾಕ್ಟರು ಯಾರನ್ನ ಕೇಳ್ತಾರೆ? ನನ್ನನ್ನೇ.”



ಮೂರನೇ ಸಲ ದೊಡ್ಡ ವೃತ್ತಕ್ಕೆ ಜ್ವರ ಕ್ಯಾರೇ ಅನ್ನಲಿಲ್ಲ. ಮಗು ಬೆನ್ನು ಹಿಡಿದುಕೊಂಡು ಮುಲುಗತೊಡಗಿದಾಗ ಆಕೆಯ ಜಂಭ ಇಳಿಯಿತು. ಆಸ್ಪತ್ರೆಗೆ ಸೇರಿಸಿ, ಡಬ್ಬಿ ಹಿಡಿದು ತನ್ನ ಕೌಂಟರಿಗೆ ತಾನೇ ಬಂದಳು. ಫಾರಂನಲ್ಲಿ ‘ಹಿಂದೆ ಹೀಗಾಗಿತ್ತೇ? ಔಷಧ ಕೊಟ್ಟಿದ್ದೀರಾ?’ ಎಂದಿದ್ದ ಕಡೆ ಎರಡಕ್ಕೂ ‘ಇಲ್ಲ’ ಎಂದು ದುಂಡಗೆ ಬರೆದಳು. ಜೊತೆಗೆ ಕೆಲಸ ಮಾಡುವವರು ನೋಡುತ್ತಾರಲ್ಲ.

ತಟ್ಟೆ ತೆರೆದವಳು ಎರಡೆರಡು ಸಲ ಎಣಿಸಿದಳು. ಎಂಟರಲ್ಲಿ ಆರು ಬಿಲ್ಲೆಗಳ ಸುತ್ತ ಬೆಳೆ ಸೊಂಪಾಗಿತ್ತು. ಉಳಿದೆರಡೂ ಇಂಜೆಕ್ಷನ್ನುಗಳು.

ಮಕ್ಕಳ ಡಾಕ್ಟರು ವರದಿಯ ಜೊತೆ ಫಾರಂ ಇಟ್ಟುಕೊಂಡು ಕೂತಿದ್ದರು. “ಮೊದಲನೇ ಸಲಕ್ಕೇ ಇಷ್ಟು ಮೊಂಡು ಸೋಂಕು. ಎಲ್ಲಿಂದಲೋ ಅಂಟಿರಬೇಕು. ಇಂಜೆಕ್ಷನ್ ಶುರು ಮಾಡಿದ್ದೀನಿ, ಮುಗಿದ ಮೇಲೆ ಮನೆಗೆ ಹೋಗ್ಬಹುದು. ಮತ್ತೆ ಮತ್ತೆ ಬಂದಿದ್ದಿದ್ರೆ ಇವತ್ತೇ ಕಿಡ್ನಿ ಸ್ಕ್ಯಾನ್ ಮಾಡಿಸ್ತಿದ್ದೆ.”

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗೋಡೆ ನೋಡಿದಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಮಗಳದು ಏನು ಉಳಿಯುತ್ತದೋ ಗೊತ್ತಿರಲಿಲ್ಲ.

“ಮೂರನೇ ಸಲ, ಡಾಕ್ಟ್ರೇ,” ಎಂದಳು. “ನಾನೇ ಔಷಧ ಕೊಟ್ಟೆ. ಮೂರು ಸಲಾನೂ ಬೇರೆ ಬೇರೆ. ಒಂದನ್ನೂ ಪೂರ್ತಿ ಕೊಡಲಿಲ್ಲ.”

ಡಾಕ್ಟರು ಬೈಯಲಿಲ್ಲ. ಫೋನೆತ್ತಿ ಸ್ಕ್ಯಾನಿಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಆಕೆಗೆ.

ಸಂಜೆ ವಿಷಯ ತಿಳಿಯಿತು. ಎಡಗಡೆಯ ಮೂತ್ರಪಿಂಡ ಊದಿತ್ತು. “ಮೂತ್ರ ಮೇಲಕ್ಕೇ ವಾಪಸ್ ಹೋಗ್ತಿರೋ ಹಾಗಿದೆ,” ಎಂದರು ಡಾಕ್ಟರು. “ಎರಡನೇ ಸಲವಾದ್ರೂ ಕರಕೊಂಡು ಬಂದಿದ್ರೆ ಆಗಲೇ ಸಿಗ್ತಿತ್ತು. ಈಗಲೂ ಉಳಿಸ್ಕೋಬಹುದು. ಇವತ್ತು ನೀವು ಬಾಯಿ ಬಿಡದೇ ಇದ್ದಿದ್ರೆ ಹೇಳೋಕಾಗ್ತಿರಲಿಲ್ಲ.”

ಆಕೆ ವಾರ್ಡಿಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ನರ್ಸಮ್ಮ ಮಗುವಿನ ಕೈಗೆ ಚುಚ್ಚಿದ್ದ ನಳಿಗೆಯಲ್ಲಿ ಆ ಹೊತ್ತಿನ ಇಂಜೆಕ್ಷನ್ ಹಾಕಿ ಹೋದರು. ಕಡ್ಡಿ ಹಲ್ಲು ಕಚ್ಚಿ ಸಹಿಸಿಕೊಂಡಿತು. ಆಮೇಲೆ ತಾಯಿಯ ಮುಖವನ್ನು ದಿಟ್ಟಿಸಿತು.

“ನೀನ್ಯಾಕಮ್ಮ ಅಳ್ತೀಯ?” ಎಂದಿತು. “ಚುಚ್ಚಿಸ್ಕೊಂಡಿದ್ದು ನಾನು.”