ಅತ್ತೆಯ ಕಾಲಿನ ನೀಲಿ ಗೆರೆ

ಕಲೆ ಮಾವನ ಕಣ್ಣಿಗೆ ಬಿದ್ದ ಕಲೆ ಉಳಿದದ್ದುಂಟೇ? ಬೀದಿ ಮೂಲೆಯ ಲಾಂಡ್ರಿ ಅವನದು. ಮಸಿಯಾಗಲಿ, ಎಣ್ಣೆಯಾಗಲಿ, ತುಕ್ಕಾಗಲಿ, ಒಂದೊಂದಕ್ಕೂ ಅವನ ಹತ್ತಿರ ಒಂದೊಂದು ಸೀಸೆ. ಮದುವೆಗೆ ಕರೆದರೂ ವಧೂವರರನ್ನು ಬಿಟ್ಟು ಎದುರು ಕೂತವರ ಕಾಲರನ್ನೇ ದಿಟ್ಟಿಸುವ ಆಸಾಮಿ. ಹಾಗಂತ ಅವನ ಹೆಂಡತಿಯೇ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಅತ್ತೆ. ಒಗೆಯುವುದು, ಜಾಲಿಸುವುದು ಅತ್ತೆಯ ಪಾಲು. ಕಲೆ ತೆಗೆಯುವುದು, ಇಸ್ತ್ರಿ ಮಾವನ ಪಾಲು. ದಿನವಿಡೀ ಕಿತ್ತಾಡಿಕೊಂಡೇ ಕೆಲಸ ಮಾಡುವ ಜೋಡಿ. ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಊಟಕ್ಕೆ ಕೂತವರಲ್ಲ.

ಅಂಥ ಅತ್ತೆ ಒಂದು ಬೆಳಿಗ್ಗೆ ಗಡಗಡ ನಡುಗುತ್ತ ಮಲಗಿಬಿಟ್ಟಳು. ಮೈ ಕೆಂಡವಾಗಿತ್ತು. ಸುಸ್ತಿನ ಜ್ವರ, ಮಲಗಿದರೆ ಹೋಗುತ್ತೆ ಅಂದಳು. ಮಧ್ಯಾಹ್ನದ ಹೊತ್ತಿಗೆ ಎಡಗಾಲು ಮೊಣಕಾಲಿನ ಕೆಳಗೆ ಕೆಂಪಗೆ ಊದಿಕೊಂಡು, ಮುಟ್ಟಿದರೆ ಸುಡುವಂತಾಯಿತು. ಮಾವ ಎದುರು ಸಾಲಿನ ಡಾಕ್ಟರಮ್ಮನಿಗೆ ಹೇಳಿ ಕಳಿಸಿದ. ಅವಳು ಓದುತ್ತಿದ್ದ ಕಾಲದಿಂದಲೂ ಅವಳ ಬಿಳಿ ಕೋಟು ಒಗೆದವರು ಇವರೇ. ಹೋಟೆಲಿನ ಹಾಸಿಗೆ ಬಟ್ಟೆ ಅವತ್ತೇ ಕೊಡುತ್ತೇನೆಂದು ಮಾತು ಕೊಟ್ಟಿದ್ದರಿಂದ, ಮನಸ್ಸಿಲ್ಲದ ಮನಸ್ಸಿನಿಂದ ಗಾಡಿ ಹತ್ತಿ ಹೋದ.

ಸಂಜೆ ಬರುವಷ್ಟರಲ್ಲಿ ಡಾಕ್ಟರಮ್ಮ ಬಂದು, ಮಾತ್ರೆ ಕೊಟ್ಟು ಹೋಗಿಯಾಗಿತ್ತು. ಅತ್ತೆ ದಿಂಬಿನ ರಾಶಿಯ ಮೇಲೆ ಕಾಲಿಟ್ಟು ನಿದ್ದೆ ಹೋಗಿದ್ದಳು. ಕೆಂಪಾದ ಜಾಗದ ಸುತ್ತ ನೀಲಿ ಪೆನ್ನಿನ ಗೆರೆ! ಯಾರು ಗೀಚಿದರು, ಯಾಕೆ ಗೀಚಿದರು ಎಂದು ಯೋಚಿಸುವ ಗೋಜಿಗೇ ಮಾವ ಹೋಗಲಿಲ್ಲ. ಊರವರ ಅಂಗಿಗೆ ಸಿಗುವ ಮರ್ಯಾದೆ ಹೆಂಡತಿಯ ಕಾಲಿಗೆ ಬೇಡವೇ? ಮೆತ್ತನೆಯ ಬಟ್ಟೆಗೆ ಸ್ಪಿರಿಟ್ ಹಚ್ಚಿ, ಅವಳಿಗೆ ಎಚ್ಚರವಾಗದಂತೆ, ಒಂದು ಚೂರೂ ಉಳಿಯದ ಹಾಗೆ ಒರೆಸಿದ. ಒರೆಸಿ, ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ಅತ್ತೆ ಕಣ್ಣು ಬಿಟ್ಟವಳೇ ಕೇಳಿದಳು: "ರೀ, ಕೆಂಪು ಆ ನೀಲಿ ಗೆರೆ ದಾಟಿದೆಯಾ ನೋಡಿ."

ಆ ಗೆರೆ ಯಾಕೆ ಎಂದು ಮಾವ ಕೇಳಿದ. ಅತ್ತೆ ನಿಧಾನವಾಗಿ ಹೇಳಿದಳು. ಇದು ಚರ್ಮಕ್ಕೆ ತಗಲುವ ಸೋಂಕಂತೆ, ಎರಿಸಿಪೆಲಸ್ ಅಂತ ಹೆಸರಂತೆ, ಚರ್ಮದಲ್ಲೇ ಹಬ್ಬುತ್ತ ಹೋಗುತ್ತದಂತೆ. ಅದು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲಿಕ್ಕೇ ಡಾಕ್ಟರಮ್ಮ ಅಂಚಿಗೆ ಗೆರೆ ಎಳೆದದ್ದು. ನಾಳೆಯ ಹೊತ್ತಿಗೆ ಕೆಂಪು ಆ ಗೆರೆ ದಾಟಿದರೆ ಮಾತ್ರೆ ಸಾಲದು, ಆಸ್ಪತ್ರೆಗೆ ಸೇರಿಸಿ ನರಕ್ಕೆ ಔಷಧಿ ಕೊಡಬೇಕು. ತಡವಾದರೆ ನಂಜು ರಕ್ತಕ್ಕೇ ಇಳಿಯಬಹುದು.

ಮಾವ ಕೈಯಲ್ಲಿದ್ದ ಬಟ್ಟೆ ನೋಡಿಕೊಂಡ. ಗೆರೆಯೆಲ್ಲ ಅಲ್ಲಿತ್ತು. ಜೇಬಿನಲ್ಲಿ ಪೆನ್ನೂ ಇತ್ತು. ಅತ್ತೆಗೆ ಮತ್ತೆ ಜೊಂಪು ಹತ್ತುತ್ತಿತ್ತು. ಸುಮ್ಮನೆ ಒಂದು ಗೆರೆ ಎಳೆದರೆ ಕೇಳುವವರು ಯಾರು? ಪೆನ್ನು ತೆಗೆದ, ಕಾಲಿನ ಹತ್ತಿರ ತಂದ. ಎಲ್ಲಿ ಎಳೆಯುವುದು? ಒಂದು ಬೆರಳು ಆಚೆ ಎಳೆದರೆ ನಾಳೆ ತನ್ನ ಮರ್ಯಾದೆ ಉಳಿದೀತು, ಇವಳು ಉಳಿಯುವುದು ಬೇಡವೇ? ಪೆನ್ನು ಜೇಬಿಗೆ ಸೇರಿತು. ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಬಟ್ಟೆ ಹಿಡಿದುಕೊಂಡೇ ಕ್ಲಿನಿಕ್ಕಿಗೆ ಓಡಿದ.

ಡಾಕ್ಟರಮ್ಮ ಬಟ್ಟೆ ನೋಡಿದಳು, ಮಾವನ ಮುಖ ನೋಡಿದಳು. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಾರದೆ ಬ್ಯಾಗು ಎತ್ತಿಕೊಂಡು ಹೊರಟಳು. ಕಾಲಿನ ಮೇಲೆ ಬೆರಳಾಡಿಸಿ, ಉಬ್ಬಿದ ಅಂಚು ಹಿಡಿದು ಹೊಸ ಗೆರೆ ಎಳೆದಳು.

"ಮಾವ, ಮಧ್ಯಾಹ್ನ ಎಲ್ಲಿತ್ತು ಅಂತ ಈಗ ನಂಗೂ ಹೇಳಕ್ಕಾಗಲ್ಲ. ಅದಕ್ಕೇ ಬೆಳಿಗ್ಗೆನೇ ಬಂದು ನೋಡ್ತೀನಿ. ದಾಟಿದ್ರೆ ಆಸ್ಪತ್ರೆ, ಬೇರೆ ಮಾತಿಲ್ಲ. ಮಧ್ಯೆ ಜ್ವರ ಏರಿದ್ರೆ, ಅತ್ತೆ ಮಂಕಾದ್ರೆ ತಕ್ಷಣ ಕರೀರಿ."

ಮಾವ ಬಟ್ಟೆಗೆ ಗುರುತು ಹಾಕುವ ಮಸಿಯ ಸೀಸೆ ತಂದು ಮುಂದಿಟ್ಟ. ಅದರಲ್ಲಿ ಎಳೆದರೆ ತಾನೇ ಒರೆಸಿದರೂ ಹೋಗದು ಎಂದ. ಅದು ಚರ್ಮ ಸುಟ್ಟೀತು, ಒಳಗಿಡಿ, ನಿಮ್ಮ ಕೈ ಸುಮ್ಮನಿದ್ದರೆ ಪೆನ್ನೇ ಸಾಕು ಎಂದು ಡಾಕ್ಟರಮ್ಮ ನಕ್ಕಳು. ಆಮೇಲೆ ಅತ್ತೆಯ ಕಿರುಬೆರಳನ್ನು ಮೆಲ್ಲಗೆ ಬಿಡಿಸಿ ತೋರಿಸಿದಳು. ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರಿದಿತ್ತು. ದಿನವೂ ನೀರಲ್ಲಿ ನಿಂತು ಆದದ್ದು, ಸೋಂಕು ಒಳಗೆ ಹೊಕ್ಕ ಬಾಗಿಲು ಇದೇ ಇರಬೇಕು ಎಂದಳು.

ಮಾವ ನೋಡಿಯೇ ನೋಡಿದ. ಊರವರ ಕಾಲರಿನ ಟೀ ಹನಿ ಕಾಣುವ ಕಣ್ಣಿಗೆ ಇದು ಕಂಡಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಹೇಳಿದ್ರೆ ನನ್ನ ಕೂರಿಸಿ ಎರಡೂ ಕೆಲಸ ನೀವೇ ಮೈಮೇಲೆ ಹಾಕ್ಕೋತೀರಿ," ಅಂದಳು ಅತ್ತೆ. "ನಿಮ್ಮ ಬೆನ್ನು ಮೊದಲೇ ನೆಟ್ಟಗಿಲ್ಲ."

ಬೆಳಿಗ್ಗೆ ಡಾಕ್ಟರಮ್ಮ ಕಾಲಿನ ಮೇಲೆ ಬಾಗಿದಾಗ ಮಾವ ಬಾಗಿಲ ಹತ್ತಿರವೇ ನಿಂತ. ಹತ್ತಿರ ಬರಲು ಧೈರ್ಯ ಸಾಲಲಿಲ್ಲ. ಕರೆದು ತೋರಿಸಿದಾಗ ನೋಡಿದ: ಕೆಂಪು ಆ ಗೆರೆಯಿಂದ ಒಂದು ಬೆರಳು ಒಳಕ್ಕೆ ಸರಿದಿತ್ತು. ಊತ ಇಳಿದು ಚರ್ಮ ಸುಕ್ಕುಗಟ್ಟಿತ್ತು. ಸುಕ್ಕು ಒಳ್ಳೆಯ ಲಕ್ಷಣ, ಇಸ್ತ್ರಿ ಮಾಡಲು ಹೋಗಬೇಡಿ ಎಂದಳು ಡಾಕ್ಟರಮ್ಮ. ಹುಷಾರಾಯಿತೆಂದು ಮಾತ್ರೆ ಅರ್ಧಕ್ಕೆ ಬಿಡಬಾರದು, ಬೆರಳ ಸಂದಿಗೆ ಮುಲಾಮು ತಪ್ಪಬಾರದು, ಗಂಬೂಟಿಲ್ಲದೆ ನೀರಿಗೆ ಇಳಿಯಬಾರದು ಎಂದೂ ತಾಕೀತು ಮಾಡಿದಳು. ಮಾವನಿಗೆ ಹೋದ ಜೀವ ಬಂದಂತಾಯಿತು. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಅಲ್ಲಿಂದಾಚೆ ಆ ಗೆರೆಗೆ ಅವನೇ ಕಾವಲು. ಮೈ ತೊಳೆದು ಮಾಸಿದಾಗಲೆಲ್ಲ ಅದರ ಮೇಲೇ ಮತ್ತೆ ತಿದ್ದುತ್ತಿದ್ದ. ಮಾತ್ರೆ ಮುಗಿದ ದಿನ, ಇನ್ನು ಒರೆಸಬಹುದು ಎಂದು ಡಾಕ್ಟರಮ್ಮ ಹೇಳಿ ಹೋದಳು. ಮಾವ ಸ್ಪಿರಿಟ್ ತಂದ, ಮೆತ್ತನೆಯ ಬಟ್ಟೆ ತಂದ, ಹೆಂಡತಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕೈ ಮಾತ್ರ ಮುಂದೆ ಹೋಗಲಿಲ್ಲ.

"ಯಾಕ್ರೀ, ಕಲೆ ಮಾವನಿಗೆ ಈ ಕಲೆ ತೆಗೆಯಕ್ಕೆ ಬರ್ತಿಲ್ವಾ?"

"ಇರಲಿ ಬಿಡೇ," ಅಂದ ಮಾವ. "ಅದು ಈ ಗೆರೆ ದಾಟಲಿಲ್ಲ ಅಂತ ತಾನೆ ನೀನು ನನ್ನ ಹತ್ರ ಮನೇಲಿರೋದು. ತಾನಾಗಿ ಹೋಗೋವರೆಗೂ ಇರಲಿ."

ಸ್ಪಿರಿಟ್ ಸೀಸೆಯ ಮುಚ್ಚಳ ಬಿಗಿ ಮಾಡಿ ಪಕ್ಕಕ್ಕಿಟ್ಟ. ಒಣ ಬಟ್ಟೆಯಿಂದ ಅವಳ ಕಾಲ್ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸತೊಡಗಿದ. ಕಾಲು ಮುಟ್ಟಬೇಡಿ ಅಂತ ಯಾವಾಗಲೂ ಹಿಂದಕ್ಕೆಳೆದುಕೊಳ್ಳುತ್ತಿದ್ದ ಅತ್ತೆ ಅವತ್ತು ಎಳೆದುಕೊಳ್ಳಲಿಲ್ಲ.